ಬೆಂಗಳೂರಿಗೆ ಎಷ್ಟು ದೂರ?

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರನ್ನು "ಬೆಂಗಳೂರಿಗೆ ಎಷ್ಟು ದೂರ?" ಎಂದು ಕೇಳಿ ನೋಡಿ. ಇಷ್ಟು ಕಿಲೋಮೀಟರು ಎಂದು ಉತ್ತರ ಕೊಡುವವರು ಅಪರೂಪ. "ಒಂದು ರಾತ್ರಿ" ಎನ್ನುತ್ತಾರೆ ಮೇಲ್ ಗಾಡಿಯವರು. "ಬೆಳಗಿನ ತಿಂಡಿ ಇಲ್ಲಿ, ಮಧ್ಯಾಹ್ನದ ಊಟ ಅಲ್ಲಿ" ಎನ್ನುತ್ತಾರೆ ಬೃಂದಾವನ್ ಎಕ್ಸ್‌ಪ್ರೆಸ್ಸಿನವರು. "ವೆಲ್ಲೂರಿನಲ್ಲಿ ಒಂದು ಕಾಫಿ, ಕೃಷ್ಣಗಿರಿಯಲ್ಲಿ ಇನ್ನೊಂದು" ಎನ್ನುತ್ತಾರೆ ಕಾರು ಇಟ್ಟುಕೊಂಡವರು. "ಅಯ್ಯೋ, ಮುಕ್ಕಾಲು ಗಂಟೆ ಅಷ್ಟೆ!" ಎನ್ನುತ್ತಾರೆ ವಿಮಾನದಲ್ಲಿ ಹೋಗಿಬರುವ ಭಾಗ್ಯವಂತರು. ಎಲ್ಲರೂ ದೂರವನ್ನು ಹೊತ್ತಿನಲ್ಲಿ ಅಳೆಯುವವರೇ. ಇದೇನೂ ಹೊಸ ಅಭ್ಯಾಸವಲ್ಲ. ನಮ್ಮ ಹಿರಿಯರಿಗೆ ಹರದಾರಿ, ಗಾವುದಗಳ ಲೆಕ್ಕ ಗೊತ್ತಿದ್ದರೂ ದಾರಿ ಕೇಳಿದವರಿಗೆ ಅವರು ಹೇಳುತ್ತಿದ್ದುದು "ಇಲ್ಲೇ ಕೂಗಳತೆ ದೂರ" ಎಂದೋ, "ಹೊತ್ತು ಮುಳುಗುವುದರೊಳಗೆ ಸೇರಿಕೊಳ್ಳಬಹುದು" ಎಂದೋ.

ಆದರೂ ಅಂಕಿಗಳನ್ನು ಒಮ್ಮೆ ನೋಡಿಬಿಡೋಣ. ಹಕ್ಕಿ ಹಾರಿದ ಹಾಗೆ ನೇರವಾಗಿ ಅಳೆದರೆ ಎರಡು ನಗರಗಳ ನಡುವೆ ಸುಮಾರು 290 ಕಿ.ಮೀ. ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಇನ್ನೂ ಕಡಿಮೆ, ಸುಮಾರು 270. ಹೊಸೂರು, ಕೃಷ್ಣಗಿರಿ, ವೆಲ್ಲೂರಿನ ಹೆದ್ದಾರಿಯಲ್ಲಿ ಹೋದರೆ ಹತ್ತಿರ ಹತ್ತಿರ 350. ಜೋಲಾರಪೇಟೆಯ ಮೇಲೆ ಬಳಸಿ ಹೋಗುವ ರೈಲಿಗೆ 360ರ ಆಸುಪಾಸು. ಎರಡೂ ಊರುಗಳು ಬಹುಮಟ್ಟಿಗೆ ಒಂದೇ ಅಕ್ಷಾಂಶದ ಮೇಲಿವೆ. ಹದಿಮೂರು ಡಿಗ್ರಿಗೆ ಒಂದಿಷ್ಟು ಆಚೆ, ಒಂದಿಷ್ಟು ಈಚೆ. ರೇಖಾಂಶದ ವ್ಯತ್ಯಾಸ ಎರಡೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಮರೀನಾ ಕಡಲತೀರದ ಮೇಲೆ ಬಂದ ಸೂರ್ಯ ಲಾಲ್‌ಬಾಗಿನ ಬಂಡೆಯ ಮೇಲೆ ಬರುವುದಕ್ಕೆ ಸುಮಾರು 11 ನಿಮಿಷ ಹಿಡಿಯುತ್ತದೆ. ಇಷ್ಟು ಬೇಗ ಬೆಂಗಳೂರು ಮುಟ್ಟುವ ಪ್ರಯಾಣಿಕ ಇನ್ನೊಬ್ಬನಿಲ್ಲ. ಅವನಿಗೆ ಸಾಮಾನು ತಪಾಸಣೆಯೂ ಇಲ್ಲ ನೋಡಿ!

ಈ ದೂರವನ್ನು ಮೊದಲು ಕರಾರುವಾಕ್ಕಾಗಿ ಅಳೆದ ಕಥೆಯೂ ನಮ್ಮ ಚೆನ್ನೈಯಲ್ಲೇ ಆರಂಭವಾಗುತ್ತದೆ. ಮೀನಂಬಾಕಂ ವಿಮಾನ ನಿಲ್ದಾಣದ ಬಳಿ ಕಾಣುವ ಸೇಂಟ್ ಥಾಮಸ್ ಮೌಂಟ್, ಅಂದರೆ ಪರಂಗಿಮಲೆಯ ಬುಡದಲ್ಲಿ, 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿಯ ಆಧಾರ ರೇಖೆಯೊಂದನ್ನು ಅಳೆದ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತಾ ಪಶ್ಚಿಮಕ್ಕೆ ನಡೆದು, ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆಸಲಾಯಿತು. ಗಣಿತದಿಂದ ಬಂದ ಉತ್ತರಕ್ಕೂ ನೆಲದ ಮೇಲೆ ಅಳೆದದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಮುಂದೆ ಆ ತ್ರಿಕೋನಗಳ ಸಾಲು ಮಂಗಳೂರಿನ ಕಡಲನ್ನು ಮುಟ್ಟಿತು. ಹಳೆಯ ನಕ್ಷೆಗಳು ಮದ್ರಾಸಿನಿಂದ ಮಂಗಳೂರಿಗೆ ನಾನೂರು ಮೈಲಿ ಎನ್ನುತ್ತಿದ್ದುವು. ಅಳೆದು ನೋಡಿದರೆ ಮುನ್ನೂರ ಅರವತ್ತೇ! ಒಂದೇ ಏಟಿಗೆ ನಲವತ್ತು ಮೈಲಿ ಮಾಯ. ಅಲ್ಲಿಂದೀಚೆಗೆ ನಮ್ಮ ಎರಡು ಊರುಗಳ ನಡುವಿನ ನೆಲ ಒಂದು ಗೇಣೂ ಕುಗ್ಗಿಲ್ಲ, ಹಿಗ್ಗಿಲ್ಲ. ಕುಗ್ಗಿದ್ದು ಹೊತ್ತು ಮಾತ್ರ.

ಅದು ಕುಗ್ಗಿದ ಬಗೆಯೂ ಸ್ವಾರಸ್ಯವಾಗಿದೆ. 1856ರ ಜುಲೈ 1ರಂದು ರಾಯಪುರಂನಿಂದ ವಾಲಾಜಾ ರಸ್ತೆಯವರೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಜೋಲಾರಪೇಟೆಯಿಂದ ಕವಲೊಡೆದ ಹಳಿ ಬೆಂಗಳೂರು ದಂಡನ್ನು ಮುಟ್ಟಿತು. ಎತ್ತಿನ ಗಾಡಿಯ ಹಲವು ದಿನಗಳ ದಾರಿ ಒಂದು ರಾತ್ರಿಯದಾಯಿತು. 1932ರ ಅಕ್ಟೋಬರಿನಲ್ಲಿ ಟಾಟಾ ಕಂಪನಿಯ ಮೊದಲ ಅಂಚೆ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ಜೆ. ಆರ್. ಡಿ. ಟಾಟಾ ತಂದರೆ, ಮುಂಬಯಿಯಿಂದ ಮದ್ರಾಸಿಗೆ ನೆವಿಲ್ ವಿನ್ಸೆಂಟ್ ತಂದರು, ಅದೂ ನಮ್ಮ ಬಳ್ಳಾರಿಯ ಮೇಲೆ. 1964ರಲ್ಲಿ ಬೃಂದಾವನ್ ಬಂತು, 1994ರಲ್ಲಿ ಶತಾಬ್ದಿ, 2022ರಲ್ಲಿ ವಂದೇ ಭಾರತ್. ಪ್ರತಿಯೊಂದು ಸಲವೂ "ಇನ್ನು ಬೆಂಗಳೂರು ಪಕ್ಕದ ಬೀದಿ" ಎಂದು ನಾವು ಹಿಗ್ಗಿದ್ದೇವೆ.

ಪಕ್ಕದ ಬೀದಿ ನಿಜವಾಗಿಯೂ ಎಷ್ಟು ಪಕ್ಕದಲ್ಲಿದೆ ಎಂದು ತಿಳಿಯಲು ನಾನು ಒಂದು ಲೆಕ್ಕ ಹಾಕಿಟ್ಟಿದ್ದೇನೆ. ನನ್ನ ಮನೆ ಇರುವುದು ವೆಸ್ಟ್ ಮಾಂಬಲಂನಲ್ಲಿ. ನನ್ನ ತಾಯಿ ಇರುವುದು ಬೆಂಗಳೂರಿನ ಜಯನಗರದಲ್ಲಿ, ತಮ್ಮನ ಮನೆಯಲ್ಲಿ. ಲೆಕ್ಕ ಈ ಬಾಗಿಲಿನಿಂದ ಆ ಬಾಗಿಲಿಗೆ.

ಮೊದಲು ವಿಮಾನ. ಮನೆಯಿಂದ ಮೀನಂಬಾಕಂಗೆ 40 ನಿಮಿಷ. ಎರಡು ಗಂಟೆ ಮುಂಚೆ ಅಲ್ಲಿರಬೇಕೆಂಬುದು ಶಾಸ್ತ್ರ. ಬಾಗಿಲು ಮುಚ್ಚಿದ ಮೇಲೆ ಓಡುಹಾದಿಗೆ ಸಾಗಿ, ಏರಿ, ಹಾರಿ, ಇಳಿದು, ಬಾಗಿಲು ತೆರೆಯುವವರೆಗೆ 1 ಗಂಟೆ 5 ನಿಮಿಷ. ಪೆಟ್ಟಿಗೆ ಬರುವುದಕ್ಕೆ ಕಾದು ಹೊರಗೆ ಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಹೆಬ್ಬಾಳದ ಮೇಲೆ ಇಡೀ ಬೆಂಗಳೂರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಜಯನಗರಕ್ಕೆ 1 ಗಂಟೆ 45 ನಿಮಿಷ. ಒಟ್ಟು 6 ಗಂಟೆ.

ಇನ್ನು ರೈಲು. ಮಾಂಬಲಂನಿಂದ ಲೋಕಲ್ ಗಾಡಿಯಲ್ಲಿ ಪಾರ್ಕ್ ನಿಲ್ದಾಣಕ್ಕೆ ಹೋಗಿ, ರಸ್ತೆ ದಾಟಿ ಸೆಂಟ್ರಲ್ ಸೇರಲು 45 ನಿಮಿಷ. ಅರ್ಧ ಗಂಟೆ ಕಾಯುವುದು. ವಂದೇ ಭಾರತ್‌ನಲ್ಲಿ ಸುಮಾರು 4 ಗಂಟೆ 25 ನಿಮಿಷ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹಿಡಿದು ಜಯನಗರದಲ್ಲಿ ಇಳಿದು ಮನೆಗೆ ನಡೆಯಲು 40 ನಿಮಿಷ. ಒಟ್ಟು 6 ಗಂಟೆ 20 ನಿಮಿಷ.

ಕೊನೆಯದು ರಸ್ತೆ. ನಸುಕಿನ ನಾಲ್ಕೂವರೆಗೆ ಕಾರು ಹೊರಟರೆ, ಎರಡು ಕಾಫಿ ಸೇರಿ, ಶ್ರೀಪೆರಂಬುದೂರಿನಲ್ಲೂ ಅತ್ತಿಬೆಲೆಯಲ್ಲೂ ದೇವರ ದಯೆ ಇದ್ದರೆ, ಆರೂವರೆ ಗಂಟೆ.

ನೋಡಿದಿರಾ? ಮೂರರ ನಡುವಿನ ವ್ಯತ್ಯಾಸ ಅರ್ಧ ಗಂಟೆ. 290 ಕಿ.ಮೀ. ನೇರ ದೂರವನ್ನು 6 ಗಂಟೆಯಿಂದ ಭಾಗಿಸಿದರೆ ನನ್ನ ವಿಮಾನದ ವೇಗ ಗಂಟೆಗೆ 48 ಕಿಲೋಮೀಟರು. ಸ್ಕೂಟರಿನ ವೇಗ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ವಿಮಾನ ನಿಲ್ದಾಣಗಳು ಇಲ್ಲದ ಕಾಲದಲ್ಲಿ ಎಂಬುದು ಆಶ್ಚರ್ಯ.

ಇದರ ಹಿಂದಿರುವುದು ಸರಾಸರಿ ವೇಗದ ಒಂದು ಸಣ್ಣ ಗುಟ್ಟು. ಬಿ.ಎಸ್ಸಿ. ತರಗತಿಯ ಹುಡುಗರೂ ಅದರಲ್ಲಿ ಎಡವುತ್ತಾರೆ. ಹತ್ತು ಕಿಲೋಮೀಟರನ್ನು ಗಂಟೆಗೆ ಹತ್ತರ ವೇಗದಲ್ಲಿ, ಮುಂದಿನ ಹತ್ತನ್ನು ಗಂಟೆಗೆ ನೂರರ ವೇಗದಲ್ಲಿ ಹೋದರೆ ಸರಾಸರಿ ಎಷ್ಟು? ಐವತ್ತೈದು ಎಂದು ನಾಲಿಗೆ ತುದಿಗೆ ಬರುತ್ತದೆ. ಅದು ತಪ್ಪು. ಮೊದಲ ಭಾಗಕ್ಕೆ 60 ನಿಮಿಷ, ಎರಡನೆಯದಕ್ಕೆ 6 ನಿಮಿಷ. ಒಟ್ಟು 66 ನಿಮಿಷದಲ್ಲಿ 20 ಕಿ.ಮೀ. ಎಂದರೆ ಸರಾಸರಿ ಬರೇ 18. ನೂರನ್ನು ಇನ್ನೂರು ಮಾಡಿದರೆ ಉಳಿಯುವುದು 3 ನಿಮಿಷ. ಹತ್ತನ್ನು ಇಪ್ಪತ್ತು ಮಾಡಿದರೆ ಉಳಿಯುವುದು 30 ನಿಮಿಷ. ನಿಧಾನವಾದ ಭಾಗವೇ ಯಜಮಾನ. ವೇಗವಾದ ಭಾಗ ಎಷ್ಟು ಹಾರಾಡಿದರೂ ಅದರ ಮಾತು ನಡೆಯುವುದಿಲ್ಲ.

ನಮ್ಮ ಎರಡು ನಗರಗಳ ನಡುವೆ ಆಗಿರುವುದೂ ಇದೇ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಇಳಿಯುತ್ತಿದ್ದುದು ಎಚ್.ಎ.ಎಲ್. ನಿಲ್ದಾಣದಲ್ಲಿ, ಊರಿನ ಒಳಗೆ. ಆ ತಿಂಗಳ 24ರಿಂದ ದೇವನಹಳ್ಳಿಯಲ್ಲಿ. ಆಕಾಶದ ದಾರಿ ಇದ್ದಷ್ಟೇ ಇದೆ. ನೆಲದ ದಾರಿ ಬೆಳೆದಿದೆ. ಚೆನ್ನೈಯಲ್ಲೂ ಅಷ್ಟೆ. ಹೊರ ಊರಿನ ಬಸ್ಸುಗಳು ಒಂದು ಕಾಲಕ್ಕೆ ಪ್ಯಾರಿಸ್ ಕಾರ್ನರಿನ ಬಳಿಯಿಂದ ಹೊರಡುತ್ತಿದ್ದುವು. 2002ರಲ್ಲಿ ನಿಲ್ದಾಣ ಕೋಯಂಬೇಡಿಗೆ ಹೋಯಿತು. ಈಗ ಕಾಂಚೀಪುರದ ಬಳಿಯ ಪರಂದೂರಿನಲ್ಲಿ ಹೊಸ ವಿಮಾನ ನಿಲ್ದಾಣದ ಯೋಜನೆ ಇದೆ. ತಮ್ಮ ಗದ್ದೆ, ಕೆರೆಗಳು ಹೋಗುತ್ತವೆಂದು ಏಕನಾಪುರದ ಜನ 2022ರಿಂದ ಅದನ್ನು ವಿರೋಧಿಸುತ್ತಾ ಬಂದಿದ್ದಾರೆ. ಅದು ಆಯಿತೆಂದೇ ಇಟ್ಟುಕೊಳ್ಳಿ. ಮಾಂಬಲಂನವರು ಬೆಂಗಳೂರಿಗೆ ಹಾರಬೇಕಾದರೆ ಮೊದಲು ಬೆಂಗಳೂರಿನ ದಾರಿಯಲ್ಲೇ ಅರವತ್ತು ಎಪ್ಪತ್ತು ಕಿಲೋಮೀಟರು ನೆಲದ ಮೇಲೆ ಹೋಗಬೇಕು!

2022ರ ನವೆಂಬರ್ 11ರಂದು ಒಂದು ಕಾಕತಾಳೀಯ ನಡೆಯಿತು. ಅಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಬೆಳಿಗ್ಗೆ ಚೆನ್ನೈ–ಮೈಸೂರು ವಂದೇ ಭಾರತ್ ರೈಲಿಗೆ ಹಸಿರು ನಿಶಾನೆ ತೋರಿಸಿದರು. ಅದೇ ದಿನ ದೇವನಹಳ್ಳಿಯ ಎರಡನೆಯ ಟರ್ಮಿನಲ್ಲನ್ನೂ ಉದ್ಘಾಟಿಸಿದರು. ಅದಕ್ಕೆ ಆರು ತಿಂಗಳ ಮುಂಚೆ, ಮೇ 26ರಂದು, ಚೆನ್ನೈಯಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಗೆ ಶಂಕುಸ್ಥಾಪನೆ ಆಗಿತ್ತು. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ ಸುಮಾರು 262 ಕಿ.ಮೀ., ಗಂಟೆಗೆ 120ರ ವೇಗಕ್ಕೆ ತಕ್ಕ ರಸ್ತೆ. ಅದರಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಎಪ್ಪತ್ತು ಚಿಲ್ಲರೆ ಕಿಲೋಮೀಟರು 2024ರ ಕೊನೆಯ ವೇಳೆಗೆ ವಾಹನಗಳಿಗೆ ತೆರೆದುಕೊಂಡಿತು. ಪೂರ್ತಿಯಾದ ಮೇಲೆ ಎರಡೂಕಾಲು ಗಂಟೆಯ ದಾರಿ. ಬಹಳ ಸಂತೋಷ. ಆದರೆ ಎರಡು ತುದಿಗಳ ಹೆಸರನ್ನು ಗಮನಿಸಿ. ಒಂದು ಹೊಸಕೋಟೆ, ಇನ್ನೊಂದು ಶ್ರೀಪೆರಂಬುದೂರು. ಆ ದಾರಿ ಜಯನಗರದಲ್ಲಿ ಹುಟ್ಟುವುದೂ ಇಲ್ಲ, ಮಾಂಬಲಂನಲ್ಲಿ ಮುಗಿಯುವುದೂ ಇಲ್ಲ. ನನಗೆ ತೋರುವ ಮಟ್ಟಿಗೆ ಊರುಗಳ ನಡುವಿನ ದೂರ ಎಲ್ಲಿಗೂ ಹೋಗಿಲ್ಲ. ಅದು ಎದ್ದು ಬಂದು ಊರುಗಳ ಒಳಗೆ ಕುಳಿತಿದೆ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣಕ್ಕೆ ಈಗ ನಿರ್ಮಾಣದಲ್ಲಿರುವ ಮೆಟ್ರೋ ಮುಗಿದ ದಿನ ಚೆನ್ನೈಯವರಿಗೆ ಉಳಿಯುವ ಹೊತ್ತು, ವಿಮಾನದ ವೇಗ ಎರಡರಷ್ಟಾದರೂ ಉಳಿಯಲಾರದು.

ಇಷ್ಟೆಲ್ಲ ಲೆಕ್ಕ ಹಾಕುವುದು ಕಾಲಹರಣಕ್ಕಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಯಸ್ಸಾದ ತಂದೆತಾಯಿಯರನ್ನು ಬಿಟ್ಟು ಇಲ್ಲಿ ದುಡಿಯುತ್ತಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಅಂಥವರಿಗೆ ಈ ಲೆಕ್ಕದಲ್ಲಿ ಇನ್ನೊಂದು ಕಲಮು ಇದೆ. ಅದು ವೇಳಾಪಟ್ಟಿಯಲ್ಲಿ ಅಚ್ಚಾಗುವುದಿಲ್ಲ.

2019ರಲ್ಲಿ ಒಂದು ಗುರುವಾರ ರಾತ್ರಿ ಹನ್ನೊಂದೂಕಾಲಕ್ಕೆ ತಮ್ಮನ ಫೋನು ಬಂತು. ಅಮ್ಮನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ, ಬೆಳಿಗ್ಗೆಯವರೆಗೆ ಏನೂ ಹೇಳಲಾಗುವುದಿಲ್ಲ ಎಂದಿದ್ದಾರೆ ಎಂದ. ಬೆಂಗಳೂರು ಮೇಲ್ ಆಗಷ್ಟೇ ಸೆಂಟ್ರಲ್ ಬಿಟ್ಟಿತ್ತು. ಮುಂದಿನ ಒಳ್ಳೆಯ ರೈಲು ಬೆಳಿಗ್ಗೆ ಆರಕ್ಕೆ. ವೇಳಚೇರಿಯಲ್ಲಿರುವ ಅಕ್ಕನಿಗೆ ಬೆನ್ನುನೋವು, ಬಸ್ಸಿನಲ್ಲಿ ಕೂರಲಾರಳು. ಭಾವನವರು ಬೆಳಗಿನ ಮೊದಲ ವಿಮಾನಕ್ಕೆ ಅವಳಿಗೆ ಟಿಕೆಟ್ಟು ತೆಗೆದರು. ನಾನು ಆಟೋ ಹಿಡಿದು ಕೋಯಂಬೇಡಿಗೆ ಹೋಗಿ, ಹನ್ನೆರಡೂಕಾಲರ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತೆಂದು ಹತ್ತಿದೆ. ಆರೂ ನಲವತ್ತಕ್ಕೆ ಮಡಿವಾಳದಲ್ಲಿ ಇಳಿದು ಏಳಕ್ಕೆ ಆಸ್ಪತ್ರೆಯಲ್ಲಿದ್ದೆ. ಅಕ್ಕನ ವಿಮಾನ ಹೊತ್ತಿಗೆ ಸರಿಯಾಗಿಯೇ ಏಳಕ್ಕೆ ದೇವನಹಳ್ಳಿಯಲ್ಲಿ ಇಳಿಯಿತು. ಅವಳು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷ. ಆಮೆ ಮೊಲದ ಕಥೆ ನಿಮಗೆ ನೆನಪಾಗಬಹುದು. ಇಲ್ಲಿ ಮೊಲ ನಿದ್ದೆ ಮಾಡಿರಲಿಲ್ಲ. ಅದನ್ನು ಸಾಲಿನಲ್ಲಿ ನಿಲ್ಲಿಸಿದ್ದರು.

ಅಮ್ಮ ಚೇತರಿಸಿಕೊಂಡಳು. ಆ ರಾತ್ರಿ ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ ತಮ್ಮ ಆಮೇಲೆ ಹೇಳಿದ ಮಾತು ನನ್ನ ಲೆಕ್ಕವನ್ನು ತಿದ್ದಿತು: "ನೀವು ಪ್ರಯಾಣ ಎಷ್ಟು ಗಂಟೆ ಅಂತ ಎಣಿಸ್ತೀರಿ, ಅಣ್ಣ. ನಾನು ಫೋನ್ ಇಟ್ಟಾಗಿಂದ ಎಣಿಸ್ತಿದ್ದೆ." ನಿಜ. ಕಾಯುತ್ತಿರುವವರ ಗಡಿಯಾರ ಗಾಡಿ ಹೊರಟಾಗ ಓಡಲು ಆರಂಭಿಸುವುದಿಲ್ಲ, ಕರೆ ಹೋದಾಗಲೇ ಆರಂಭಿಸುತ್ತದೆ. ಅವನ ಗಡಿಯಾರದಲ್ಲಿ ನನ್ನ ದೂರ ಏಳೂಮುಕ್ಕಾಲು ಗಂಟೆ, ಅಕ್ಕನದು ಒಂಬತ್ತೂವರೆ. ಅಂಥ ಹೊತ್ತಿನಲ್ಲಿ ಅತಿ ವೇಗದ ಗಾಡಿಗಿಂತ ಮುಂದಿನ ಗಾಡಿ ದೊಡ್ಡದು. ನಾಲ್ಕೂಕಾಲು ಗಂಟೆಯಲ್ಲಿ ಮುಟ್ಟಿಸುವ, ದಿನಕ್ಕೊಂದೆರಡು ಸಲ ಹೊರಡುವ ರೈಲಿಗಿಂತ, ಅರ್ಧ ಗಂಟೆಗೊಮ್ಮೆ ಹೊರಡುವ ಸಾದಾ ಬಸ್ಸು ಹತ್ತಿರದ್ದು.

ಮರುವರ್ಷ ಇನ್ನೊಂದು ಪಾಠವಾಯಿತು. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ. ರೈಲಿಲ್ಲ, ಬಸ್ಸಿಲ್ಲ, ವಿಮಾನವಿಲ್ಲ. ಎರಡು ತಿಂಗಳ ನಂತರ, ಮೇ 25ರಂದು, ದೇಶದೊಳಗಿನ ವಿಮಾನಗಳು ಮತ್ತೆ ಹಾರಿದುವು. ಆ ವಾರವೇ ಚಾಮರಾಜಪೇಟೆಯಲ್ಲಿದ್ದ ನಮ್ಮ ಸೋದರಮಾವ ತೀರಿಕೊಂಡರು. ನಾವು ಮಕ್ಕಳಾಗಿದ್ದಾಗ ಬೇಸಗೆ ರಜೆಗೆ ಸೆಂಟ್ರಲ್ಲಿಗೆ ಬಂದು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವರು ಅವರೇ. ವಿಮಾನವಿತ್ತು, ಟಿಕೆಟ್ಟೂ ಇತ್ತು. ಆಕಾಶದಲ್ಲಿ ಆಗಲೂ ಅದೇ ಮುಕ್ಕಾಲು ಗಂಟೆ. ಆದರೆ ತಮಿಳುನಾಡಿನಿಂದ ಬಂದು ಇಳಿದವರು ಆಗ ಏಳು ದಿನ ಸರ್ಕಾರ ಗೊತ್ತುಮಾಡಿದ ಜಾಗದಲ್ಲಿ, ಮತ್ತೆ ಏಳು ದಿನ ಮನೆಯಲ್ಲಿ ಒಂಟಿಯಾಗಿ ಇರಬೇಕಿತ್ತು. ಹದಿನಾಲ್ಕು ದಿನ! ಹದಿಮೂರನೆಯ ದಿನದ ಎಲೆಗೂ ಕೂರಲಾಗದ ಲೆಕ್ಕ. ಅದು ಜನರ ಜೀವ ಉಳಿಸಲೆಂದು ಮಾಡಿದ ನಿಯಮ. ಅದರ ಮೇಲೆ ನನಗೆ ದೂರಿಲ್ಲ. ಅಂತಿಮ ದರ್ಶನವನ್ನು ಫೋನಿನ ಪರದೆಯ ಮೇಲೆ ಮಾಡಿದೆವು. ಚಾಮರಾಜಪೇಟೆಯಿಂದ ಮಾಂಬಲಂಗೆ ಆ ಚಿತ್ರ ಬರಲು ಹಿಡಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸೂರ್ಯನನ್ನೂ ಮೀರಿಸಿದ ವೇಗ. ಆದರೆ ಮಾವನ ಕಾಲು ಮುಟ್ಟಿ ನಮಸ್ಕರಿಸಲು ಕೈ ಎಟುಕಲಿಲ್ಲ.

ಅಂದಿನಿಂದ "ಇನ್ನು ಮೂರೇ ಗಂಟೆಯಲ್ಲಿ ಬೆಂಗಳೂರು" ಎಂಬ ತಲೆಬರಹ ಪತ್ರಿಕೆಯಲ್ಲಿ ಕಂಡರೆ ಸಂತೋಷದಿಂದಲೇ ಓದುತ್ತೇನೆ, ಆದರೆ ಅದನ್ನು ನಂಬಿ ಕೂರುವುದಿಲ್ಲ. ಅಮ್ಮನನ್ನು ಇಲ್ಲಿಗೇ ಕರೆತರುವ ಮಾತೂ ನಮ್ಮಲ್ಲಿ ನಡೆಯಿತು. ಆಕೆ ಒಪ್ಪಲಿಲ್ಲ. "ಆ ಸೆಕೆಯಲ್ಲಿ ನಾನು ಏನು ಮಾಡ್ಲಿ? ನಾಲ್ಕನೇ ಬ್ಲಾಕಿನ ತರಕಾರಿಯವನ ಜೊತೆ ಜಗಳ ಆಡದಿದ್ರೆ ನನಗೆ ಬೆಳಗಾಗಲ್ಲ" ಎಂದಳು. ಬೇಗ ಬರುವ ಉಪಾಯಗಳನ್ನು ನಾನು ವಿವರಿಸತೊಡಗಿದಾಗ ಅರ್ಧಕ್ಕೆ ತಡೆದು, "ಯಾವುದರಲ್ಲಿ ಬರ್ತೀಯೋ ಅದು ನಿನಗೆ ಬಿಟ್ಟಿದ್ದು. ಯಾವತ್ತು ಬರ್ತೀಯ, ಅದನ್ನ ಹೇಳು" ಎಂದಳು.

ನಾನು ಹೇಳಬೇಕಾದ್ದೂ ಇಷ್ಟೇ. ಕರೆ ಬಂದ ಮೇಲೆ ಓಡುವುದಕ್ಕೆ ಎಷ್ಟು ವೇಗವಿದ್ದರೂ ಸಾಲದು. ಕರೆ ಬರುವ ಮುಂಚೆ ಹೋಗಿಬರುವುದಕ್ಕೆ ಎಷ್ಟು ನಿಧಾನವಾದರೂ ನಡೆದೀತು. ಅದಕ್ಕೆ ಐದಾರು ಗಂಟೆಯ ಗಾಡಿ ಧಾರಾಳ ಸಾಕು. ಸಂಬಳದಾರರ ಕೈಗೆಟುಕುವ ದರದಲ್ಲಿ ಬೃಂದಾವನ್ ಇದೆ, ಲಾಲ್‌ಬಾಗ್ ಇದೆ, ರಾತ್ರಿಗೆ ಮೇಲ್ ಇದೆ. ರೈಲಿನ ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60ಕ್ಕೆ ಇಳಿಸಿದ್ದಾರೆ. ಆದ್ದರಿಂದ ಎರಡು ತಿಂಗಳ ಟಿಕೆಟ್ಟು ಕೈಯಲ್ಲಿರುವಂತೆ ನೋಡಿಕೊಂಡರೆ ಆಯಿತು. ಪ್ರತಿ ತಿಂಗಳ ಎರಡನೆಯ ಶುಕ್ರವಾರ ಕಚೇರಿ ಮುಗಿಸಿ, ಊಟ ಮಾಡಿ, ಮೇಲ್ ಹತ್ತುತ್ತೇನೆ. ಜೋಲಾರಪೇಟೆ ಬಂದದ್ದೂ ಗೊತ್ತಾಗುವುದಿಲ್ಲ. ಬೆಳಕು ಹರಿಯುವ ಮುಂಚೆ ಬೆಂಗಳೂರು, ಕಾಫಿಯ ಹೊತ್ತಿಗೆ ಜಯನಗರ. ಭಾನುವಾರ ಮಧ್ಯಾಹ್ನದ ಗಾಡಿಗೆ ವಾಪಸು, ಚೀಲದಲ್ಲಿ ಎರಡು ಸೀಸೆ ಉಪ್ಪಿನಕಾಯಿ.

ಅಡುಗೆಮನೆಯ ಗೋಡೆಯ ಮೇಲಿರುವ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ ಅಮ್ಮ ಆ ಶನಿವಾರಗಳಿಗೆ ಕುಂಕುಮದ ಬೊಟ್ಟು ಇಟ್ಟಿರುತ್ತಾಳೆ. ಮೊನ್ನೆ ಪಕ್ಕದ ಮನೆಯವರು "ನಿಮ್ಮ ದೊಡ್ಡ ಮಗ ತುಂಬ ದೂರದಲ್ಲಿದ್ದಾರಲ್ಲವೇ?" ಎಂದು ಕೇಳಿದರಂತೆ. "ದೂರ ಏನು ಬಂತು? ಇನ್ನು ಹನ್ನೊಂದು ದಿನ" ಎಂದಳಂತೆ ಅಮ್ಮ.